ಟೀ ಶರ್ಟಿನ ಮೇಲಿನ ಧೋಂಡು

ನಮ್ಮ ಮನೆಯ ಕಪಾಟಿನ ಕೆಳಗಿನ ಖಾನೆಯಲ್ಲಿ ಮೂರು ಟೀ ಶರ್ಟುಗಳಿವೆ. ಮೂರೂ ಹೊಸವು, ಮೂರೂ ಕಿತ್ತಳೆ ಬಣ್ಣದವು, ಮೂರರ ಎದೆಯ ಮೇಲೂ ಒಂದೇ ಮುಖ. ಆ ಮುಖಕ್ಕೆ ತಲೆ ತುಂಬ ಗರಿ, ಬಾಯಿ ತುಂಬ ಹಲ್ಲು. ಮೇಲಿನ ಸಾಲಿನಲ್ಲಿ ಹನ್ನೆರಡು, ಕೆಳಗಿನ ಸಾಲಿನಲ್ಲಿ ಹತ್ತು. ಬರೆದವನು ನಾನೇ ಆದ್ದರಿಂದ ಎಣಿಸುವ ಅಗತ್ಯ ನನಗಿಲ್ಲ.

ಮೊನ್ನೆ ನನ್ನ ಹೆಂಡತಿ ಖಾನೆ ಸ್ವಚ್ಛ ಮಾಡುತ್ತ ಒಂದನ್ನು ಎತ್ತಿ ಹಿಡಿದಳು.

"ಇದನ್ನ ನೆಲಾ ಒರಸಾಕ ತಗೊಳ್ಳಲೇನ್ರಿ? ಬಟ್ಟಿ ಛಲೋ ಐತಿ, ನೀರ ಹೀರತೈತಿ."

"ಬ್ಯಾಡ."

"ಹಂಗಾರ ನೀವ ಹಾಕ್ಕೋರಿ. ವಾಕಿಂಗಿಗೆ ಆಗತೈತಿ."

"ಅದೂ ಬ್ಯಾಡ."

"ಒರಸಾಕೂ ಬ್ಯಾಡ, ಹಾಕ್ಕೊಳ್ಳಾಕೂ ಬ್ಯಾಡ. ಮತ್ತ ಏನ್ ಮಾಡೂಣು, ಫ್ರೇಮ್ ಹಾಕಿಸಿ ಗ್ವಾಡಿಗೆ ತೂಗಹಾಕೂಣೇನು?"

ಅವಳು ಅದನ್ನು ಮತ್ತೆ ಮಡಚಿ, ಮುಖ ಕೆಳಗೆ ಮಾಡಿ ಖಾನೆಗೆ ಸೇರಿಸಿದಳು. ಮುಖ ಕೆಳಗೆ ಮಾಡಿದ್ದು ಬೇಕೆಂದೇ ಎಂದು ನನಗೆ ಗೊತ್ತು. ಅವಳಿಗೂ ಕಥೆ ಗೊತ್ತು. ನಿಮಗೂ ಹೇಳಿಬಿಡುತ್ತೇನೆ. ನಾನು ಕಂಡದ್ದನ್ನು ಕಂಡಷ್ಟೇ ಹೇಳಲು ಪ್ರಯತ್ನಿಸುತ್ತೇನೆ. ಕಾಣದ್ದನ್ನು ಬರೆದು ಒಮ್ಮೆ ಕೆಟ್ಟಿದ್ದೇನೆ.

ಬೆಳಗಾವಿಯ ಮಹಾಂತೇಶ ನಗರದಲ್ಲಿ ನನ್ನನ್ನು ಡ್ರಾಯಿಂಗ್ ಮಾಸ್ತರ ಎನ್ನುತ್ತಾರೆ. ನಿವೃತ್ತನಾಗಿ ನಾಲ್ಕು ವರ್ಷವಾಯಿತು, ಹೆಸರು ಇನ್ನೂ ನೌಕರಿಯಲ್ಲಿದೆ. ಮೂವತ್ತೊಂದು ವರ್ಷ ಮಕ್ಕಳಿಗೆ ಚಿತ್ರ ಕಲಿಸಿದ ನನಗೆ ಕಲ್ಪನೆಯಿಂದ ಒಂದು ಮುಖವನ್ನೂ ಬರೆಯಲು ಬರುವುದಿಲ್ಲ. ಬಂಡಿ, ಬೆಟ್ಟ, ಹೂದಾನಿ ಬರುತ್ತವೆ. ಮುಖಕ್ಕೆ ಮಾತ್ರ ನಾನು ಕಂಡ ಯಾರಾದರೂ ಬೇಕು. ಶಾಲೆಗೆ ಬರೆದ 'ಹಲ್ಲುಜ್ಜುವ ಕ್ರಮ' ಚಾರ್ಟಿನ ಹುಡುಗ ನನ್ನ ತಮ್ಮ. ಆ ವಯಸ್ಸಿನಲ್ಲಿ ಅವನು ಹಲ್ಲುಜ್ಜಿದ್ದನ್ನು ಮನೆಯಲ್ಲಿ ಯಾರೂ ಕಂಡಿರಲಿಲ್ಲ. 'ನಮ್ಮ ರೈತ' ಚಾರ್ಟಿನಲ್ಲಿ ನೇಗಿಲು ಹಿಡಿದವನು ನನ್ನ ಕ್ಷೌರಿಕ. ಚಾರ್ಟು ನೋಡಲು ಬಂದ ಅವನು, "ಮಾಸ್ತರ, ನೇಗಿಲಾ ಉಲ್ಟಾ ಹಿಡಿಸೀರಿ," ಎಂದು ಹೇಳಿ ಹೋದ. ಹದಿನಾಲ್ಕು ವರ್ಷ ಅದು ಹಾಗೇ ತೂಗಿತು. ಒಬ್ಬ ಇನ್‌ಸ್ಪೆಕ್ಟರೂ ಗಮನಿಸಲಿಲ್ಲ.

ನಾನು ಹುಟ್ಟಿದ್ದು ಖಾನಾಪುರ ತಾಲೂಕಿನ ನಂದಗಡದಲ್ಲಿ, ರಾಯಣ್ಣನನ್ನು ಗಲ್ಲಿಗೇರಿಸಿದ ಊರಲ್ಲಿ. ಹಾಗಾಗಿ ಸಂಗೊಳ್ಳಿ ರಾಯಣ್ಣನ ಚಿತ್ರ ಬೇಕಾದಾಗ ಮುಖ್ಯಾಧ್ಯಾಪಕರು ಅದನ್ನು ನನ್ನ ಪಾಲಿಗೆ ಬಿಟ್ಟರು. ರಾಯಣ್ಣನಿಗೆ ನನ್ನ ಸೋದರಮಾವನ ಮೀಸೆ ಇಟ್ಟೆ. ಆ ಚಿತ್ರ ಬರೆಯುವ ದಿನ ಸ್ನಾನ ಮಾಡಿ ಕುಳಿತಿದ್ದೆ. ತುಟಿಯ ಒಂದು ಗೆರೆಗೆ ಅರ್ಧ ದಿನ ಹಿಡಿಯಿತು. ಬಾಯಿ ತೆರೆಸಬೇಕು, ಹಲ್ಲು ಕಾಣಿಸಬೇಕು ಎಂಬ ಯೋಚನೆಯೇ ನನಗೆ ಬರಲಿಲ್ಲ. ವೀರನ ಬಾಯಿ ಮುಚ್ಚಿರುತ್ತದೆ ಎಂದು ಆಗ ನನಗೆ ಗೊತ್ತಿತ್ತು.

ಕಳೆದ ಚಳಿಗಾಲದಲ್ಲಿ ರವಿವಾರ ಪೇಟೆಯ ಬೆಲ್ಲದ ವ್ಯಾಪಾರಿ ಈರಣ್ಣ ಸಾವಕಾರರಿಂದ ಫೋನು ಬಂತು. ಅವರ ಮಗ ನನ್ನ ವಿದ್ಯಾರ್ಥಿ. ಅಂಗಡಿಗೆ ಹೋದೆ. ಗೋಡೆಯ ಮೇಲೆ ಬಸವಣ್ಣನವರ ಫೋಟೋ, ಕೆಳಗೆ ಬೆಲ್ಲದ ಪೆಂಟಿಗಳ ರಾಶಿ, ರಾಶಿಯ ಮೇಲೆ ನೊಣ, ಅದೆಲ್ಲದರ ನಡುವೆ ಗಾದಿಯ ಮೇಲೆ ಸಾವಕಾರರು. ಬೆಳಗಾವಿಯ ಎಂಟು ಮಂದಿ ವ್ಯಾಪಾರಿಗಳು ಸೇರಿ ಟೆನಿಸ್ ಚೆಂಡಿನ ಕ್ರಿಕೆಟ್ ಪಂದ್ಯಾವಳಿ ನಡೆಸುವವರಿದ್ದರು. ಒಬ್ಬೊಬ್ಬರಿಗೆ ಒಂದೊಂದು ತಾಲೂಕಿನ ಹೆಸರಿನ ತಂಡ. ಯಾವ ತಾಲೂಕು ಯಾರಿಗೆ ಎಂದು ಚೀಟಿ ಎತ್ತಿದ್ದರು.

"ಮಾಸ್ತರ, ನನ್ನ ಪಾಲಿಗೆ ಖಾನಾಪುರ ಬಂತ್ರಿ. ಟೀಮಿನ ಹೆಸರಿಗೆ ರಾಜಾ, ಮಹಾರಾಜಾ ಎಲ್ಲಾ ಖಲಾಸ್. ಹುಲಿ ಖಲಾಸ್, ಸಿಂಹ ಖಲಾಸ್. ಹದ್ದಿಗೆ ಇಬ್ಬರು ಜಗಳಾ ಆಡಾಕತ್ತಾರ. ಖಾನಾಪುರದಾಗ ಏನೈತಿ ಹೇಳ್ರಿ?"

"ಹಂಚು ಛಲೋ ಮಾಡತಾರ್ರಿ."

"ಹಂಚಿಗೆ ಯಾರ ಅಂಜತಾರ್ರಿ? ಎದುರಿನ ಟೀಮು ನೋಡಿದ ಕೂಡ್ಲೆ ಅಂಜಬೇಕು. ಕಾಡಿನ ಮಂದಿ ಹಾಕೂಣು. ಖಾನಾಪುರ ಟ್ರೈಬಲ್ಸ್. ಹೆಂಗೈತಿ?"

"ಯಾ ಕಾಡಿನ ಮಂದಿ ಸಾವಕಾರ್ರ? ಅಲ್ಲೆ ಗೌಳ್ಯಾರು ಅದಾರ, ಎಮ್ಮಿ ಕಾಯಕೊಂಡು..."

"ಎಮ್ಮಿ ಬ್ಯಾಡ್ರಿ! ತಲಿಗೆ ಪುಚ್ಚ, ಕೈಯಾಗ ಭರ್ಚಿ, ಬಾಯಿ ಹಿಂಗ." ಸಾವಕಾರರು ಬಾಯಿ ತೆರೆದು ತೋರಿಸಿದರು. ಒಳಗೆ ಎಲೆ ಅಡಿಕೆ ಇತ್ತು.

"ನಮ್ಮ ಕಡೆ ಪುಚ್ಚ ಯಾರೂ ಕಟ್ಟೂದಿಲ್ರಿ."

"ಅವ್ರು ಕಟ್ಟದಿದ್ರ ನೀವು ಕಟ್ರಿ. ಡ್ರಾಯಿಂಗ್ ಮಾಸ್ತರ ನೀವೋ ಅವ್ರೋ?"

ಈ ಮಾತಿಗೆ ನಾನು ನಕ್ಕೆ. ನಕ್ಕು ಒಪ್ಪಿಕೊಂಡೆ. ತಪ್ಪನ್ನು ಸಾವಕಾರರ ಮೇಲೆ ಹೊರಿಸಲು ಮನಸ್ಸೇನೋ ಆಗುತ್ತದೆ, ಆದರೆ ಗರಿ ನನಗೆ ಹೊಸದಾಗಿರಲಿಲ್ಲ. ನಮ್ಮ ಶಾಲೆಯ ಪ್ರತಿ ವರ್ಷದ ಗ್ಯಾದರಿಂಗಿನಲ್ಲಿ ಒಂದು 'ಆದಿವಾಸಿ ನೃತ್ಯ' ಇರುತ್ತಿತ್ತು. ಡಾಕ್ಟರರ ಮಕ್ಕಳು, ಬ್ಯಾಂಕಿನವರ ಮಕ್ಕಳು, ಮೈಗೆ ಮಾವಿನ ಎಲೆ ಕಟ್ಟಿಕೊಂಡು, ಮುಖಕ್ಕೆ ಇದ್ದಿಲು ಬಳಿದುಕೊಂಡು, "ಹೂ ಹಾ, ಹೂ ಹಾ" ಎಂದು ಕುಣಿಯುತ್ತಿದ್ದರು. ಇದ್ದಿಲು ಬಳಿಯುವುದು ಡ್ರಾಯಿಂಗ್ ವಿಭಾಗದ ಕೆಲಸ. ಕೋಳಿ ಪುಚ್ಚಗಳನ್ನು ತಂದು ಕೆಂಪು, ನೀಲಿ ಶಾಯಿಯಲ್ಲಿ ಅದ್ದಿ ಒಣಗಿಸುವುದೂ ನಮ್ಮ ವಿಭಾಗದ್ದೇ. ಬಹುಮಾನ ಯಾವಾಗಲೂ ಆ ನೃತ್ಯಕ್ಕೇ. ಎಂತಹ ಆದಿವಾಸಿಗಳು, ಎಲ್ಲಿಯವರು, "ಹೂ ಹಾ" ಯಾವ ಭಾಷೆ ಎಂದು ಮೂವತ್ತೊಂದು ವರ್ಷದಲ್ಲಿ ಒಬ್ಬ ಪಾಲಕರೂ ಕೇಳಲಿಲ್ಲ. ಪಕ್ಕದ ತಾಲೂಕಿನ ಕಾಡಿನಲ್ಲಿ ಜನ ಇದ್ದಾರೆ, ಅವರ ಮನೆಯ ಬೆಣ್ಣೆ ತಿಂದು ನಾನು ಬೆಳೆದಿದ್ದೇನೆ ಎಂಬುದು ಇದ್ದಿಲು ಬಳಿಯುವಾಗ ನನಗೂ ನೆನಪಾಗಲಿಲ್ಲ.

ನೆನಪಾದದ್ದು ಸಾವಕಾರರ ಲಾಂಛನಕ್ಕೆ ಮುಖ ಬೇಕಾದಾಗ. ಗರಿ ಬರೆದೆ, ಈಟಿ ಬರೆದೆ, ನಡುವೆ ಬಿಳಿ ಜಾಗ ಉಳಿಯಿತು. ಕಾಡಿನವನೊಬ್ಬನ ಮುಖ ನನಗೆ ಗೊತ್ತಿದೆಯೇ ಎಂದು ಹುಡುಕಿದೆ. ಒಂದೇ ಒಂದು ಗೊತ್ತಿತ್ತು.

ನಂದಗಡದ ನಮ್ಮ ಮನೆಗೆ ಸಂತೆಯ ದಿನ ಧೋಂಡು ಎಂಬ ಗೌಳಿ ಬೆಣ್ಣೆ ತರುತ್ತಿದ್ದ. ಕಾಡಿನೊಳಗಿನ ಗೌಳಿವಾಡೆಯಿಂದ ನಸುಕಿನಲ್ಲಿ ಹೊರಟು ನಡೆದೇ ಬರುತ್ತಿದ್ದ. ನಾನು ಆಗ ಎಂಟು ಹತ್ತು ವರ್ಷದವನು. ಬೆಣ್ಣೆ ದೊಡ್ಡ ಎಲೆಯಲ್ಲಿ ಸುತ್ತಿರುತ್ತಿತ್ತು, ಎಲೆ ಬಿಚ್ಚಿದರೆ ಅದರ ನರಗಳು ಬೆಣ್ಣೆಯ ಮೇಲೆ ಅಚ್ಚೊತ್ತಿರುತ್ತಿದ್ದವು. ನಾನು ಮೊದಲು ನೋಡಿದ ಒಳ್ಳೆಯ ಚಿತ್ರ ಅದೇ ಇರಬೇಕು. ಧೋಂಡುವಿಗೆ ಮಾಸಿದ ಕೆಂಪು ರುಮಾಲು, ಹೆಗಲ ಮೇಲೆ ಕಂಬಳಿ, ಬಲ ಕಿವಿಯ ಮೇಲುಭಾಗದಲ್ಲಿ ಬೆಳ್ಳಿಯ ಚಿಕ್ಕ ಉಂಗುರ. ಎಡ ಹುಬ್ಬು ಎರಡು ತುಂಡಾಗಿತ್ತು. ಎಮ್ಮೆ ಕೋಡಿನಿಂದ ಆದದ್ದೆಂದು ಅವನೇ ಹೇಳಿದ್ದ. ಆ ಸೀಳಿದ ಹುಬ್ಬು ಐವತ್ತು ವರ್ಷದ ಮೇಲೂ ನನ್ನ ಪೆನ್ಸಿಲಿನಿಂದ ಒಂದೇ ಸಲಕ್ಕೆ ಇಳಿಯಿತು. ಕಿವಿ ಇಳಿಯಿತು, ಕಣ್ಣು ಇಳಿಯಿತು. ಬಾಯಿಯ ಹತ್ತಿರ ಬಂದಾಗ ಪೆನ್ಸಿಲು ನಿಂತಿತು. ಸಾವಕಾರರು ತೋರಿಸಿದ್ದ ಬಾಯಿ ಇತ್ತಲ್ಲ, ಅದನ್ನು ಇಟ್ಟೆ. ಎಲೆ ಅಡಿಕೆ ತೆಗೆದು ಹಲ್ಲು ತುಂಬಿದೆ. ಸಾವಕಾರರು ನೋಡಿ ಹಿಗ್ಗಿದರು. ಸಂಭಾವನೆಯೆಂದು ಮೂರು ಟೀ ಶರ್ಟು, ಎರಡು ಪೆಂಟಿ ಬೆಲ್ಲ ಬಂದವು.

ಮೊದಲ ಪಂದ್ಯದ ದಿನ ಊರ ಹೊರಗಿನ ಮೈದಾನದಲ್ಲಿ ನನ್ನನ್ನು ಅತಿಥಿಗಳ ಶಾಮಿಯಾನಾದಲ್ಲಿ ಕೂರಿಸಿದ್ದರು. ಎದುರಿಗೆ ಹತ್ತು ಅಡಿ ಎತ್ತರದ ಬ್ಯಾನರು, ಬ್ಯಾನರಿನ ತುಂಬ ನನ್ನ ಧೋಂಡು. ನನಗೆ ಹೆಮ್ಮೆಯಾಗಿತ್ತು, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಖಾನಾಪುರ ಟ್ರೈಬಲ್ಸ್‌ನಲ್ಲಿ ಖಾನಾಪುರದವರು ಇಬ್ಬರು, ಇಬ್ಬರೂ ಪಟ್ಟಣದವರು. ನಾಯಕ ಬ್ಯಾಂಕ್ ಕ್ಲರ್ಕು, ಕೀಪರು ಔಷಧ ಕಂಪನಿಯ ಪ್ರತಿನಿಧಿ. ಹನ್ನೊಂದು ಜನರೂ ಕೆನ್ನೆಗೆ ಮೂರು ಮೂರು ಬಿಳಿ ಗೆರೆ ಎಳೆದುಕೊಂಡು, ವೃತ್ತವಾಗಿ ನಿಂತು, ಕಾಲು ಬಡಿದು "ಹೂ ಹಾ" ಎಂದರು. ನನ್ನ ಶಿಕ್ಷಣ ವ್ಯರ್ಥವಾಗಿರಲಿಲ್ಲ. ಅವರಲ್ಲಿ ಮೂವರು ನನ್ನ ಹಳೆಯ ವಿದ್ಯಾರ್ಥಿಗಳು. ಎದುರಿನ ತಂಡ ಅಂಜಲಿಲ್ಲ. ನಲವತ್ತೊಂದು ರನ್ನಿಗೆ ನಮ್ಮ ಕಾಡಿನ ಮಂದಿ ಮನೆಗೆ ಬಂದರು.

ಶಾಮಿಯಾನಾದ ಮೂಲೆಯಲ್ಲಿ ಪ್ರಥಮ ಚಿಕಿತ್ಸೆಯ ಮೇಜಿತ್ತು. ಅಲ್ಲಿ ಬಿಳಿ ಕೋಟು ಹಾಕಿದ ನರ್ಸ್ ಹುಡುಗಿ, ಇಪ್ಪತ್ತನಾಲ್ಕು ಇಪ್ಪತ್ತೈದು ವಯಸ್ಸಿರಬೇಕು. ಅವಳು ಆಟ ನೋಡುತ್ತಿರಲಿಲ್ಲ, ಬ್ಯಾನರು ನೋಡುತ್ತಿದ್ದಳು. ಒಮ್ಮೆ ಎದ್ದು ಹತ್ತಿರ ಹೋಗಿ, ಕತ್ತೆತ್ತಿ ನಿಂತು, ಮರಳಿ ಬಂದಳು. ಆಮೇಲೆ ನನ್ನ ಕುರ್ಚಿಯ ಬಳಿ ಬಂದು ಕೇಳಿದಳು.

"ಸರ, ಆ ಚಿತ್ರಾ ನೀವ ತೆಗದೀರಂತ, ಖರೇ ಏನ್ರಿ?"

"ಹೌದವಾ. ನಾನ." ನಾನು ನೆಟ್ಟಗೆ ಕುಳಿತೆ.

"ಯಾರನ್ನ ನೋಡಿ ತೆಗದ್ರಿ?"

"ನಮ್ಮೂರಾಗ ಬೆಣ್ಣಿ ತರಾಂವ ಒಬ್ಬ ಗೌಳಿ ಇದ್ದ. ಧೋಂಡು ಅಂತ ಹೆಸರು. ಅಂವಂದ ಹುಬ್ಬು ನೋಡು, ಹೆಂಗೈತಿ..."

"ಎಮ್ಮಿ ಹಾಯ್ದಿದ್ದರಿ ಅದು," ಎಂದಳು. "ಅಂವ ನಮ್ಮ ಅಜ್ಜರಿ."

ಮೈದಾನದಲ್ಲಿ ಯಾರೋ ಔಟಾದರು. ಧ್ವನಿವರ್ಧಕ ಕೂಗಿತು. ನಾನು ಹೇಳಿದ್ದು ಇದು, ಒಂದಕ್ಷರ ಬದಲಿಸದೆ ಬರೆಯುತ್ತಿದ್ದೇನೆ: "ಹೌದಾ! ಭಾಳ ಛಲೋ ಆತು."

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಅನುಕೂಲವಾಗುತ್ತಿತ್ತು. ರೋಗಿಯನ್ನು ವಿಚಾರಿಸುವ ಹಾಗೆ ಮೆಲ್ಲಗೆ ಕೇಳಿದಳು.

"ಹಲ್ಲ ಯಾಕ್ರಿ ಹಂಗ ತೆಗದೀರಿ? ಅಂವಗ ಅಷ್ಟ ಹಲ್ಲ ಇದ್ದಿದ್ದಿಲ್ರಿ. ಅಂವ ಯಾರ ಮ್ಯಾಲೂ ಹಂಗ ಬಾಯಿ ತಗಿಯಾಂವ ಅಲ್ರಿ."

ಅವಳ ಹೆಸರು ಜನಾಬಾಯಿ. ಖಾನಾಪುರದ ಹಾಸ್ಟೆಲಿನಲ್ಲಿದ್ದು ಓದಿ, ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಅವಳಿಗೆ ಏಳು ವರ್ಷವಿದ್ದಾಗ ಧೋಂಡು ತೀರಿಕೊಂಡಿದ್ದ. ಮನೆಯಲ್ಲಿ ಅವನ ಒಂದು ಫೋಟೋ ಇಲ್ಲ. ಮತದಾನದ ಗುರುತಿನ ಚೀಟಿ ಇತ್ತಂತೆ. ಅದರಲ್ಲಿ ಮುಖದ ಜಾಗದಲ್ಲಿ ಕಪ್ಪು ಮಸಿ ಬಿಟ್ಟರೆ ಏನೂ ಇರಲಿಲ್ಲವಂತೆ.

"ದಸರಾಕ್ಕ ನಮ್ಮಲ್ಲೆ ಹಿರ್ಯಾರ ಪೂಜಾ ಇರತೈತ್ರಿ ಸರ. ಈಗ ಎಲ್ಲಾರ ಮನ್ಯಾಗೂ ಫೋಟೋ ಇಡತಾರ. ನಮ್ಮ ಆಯಿ ಎಲ್ಲಾರ ಮನಿಗೂ ಹೋಗಿ ಅವರವರ ಫೋಟೋ ನೋಡಿ ಬರತಾಳ. ತಿರುಗಿ ಬಂದು ಯಾರ ಜೋಡಿನೂ ಮಾತಾಡೂದಿಲ್ಲ." ಆಯಿ ಎಂದರೆ ಅವಳ ಅಜ್ಜಿ, ಧೋಂಡುವಿನ ಹೆಂಡತಿ. "ಈ ಜಗತ್ತಿನಾಗ ಅಂವಂದ ಚಿತ್ರಾ ಅಂತ ಇರೂದು ಇದೊಂದ. ಇದನ್ನ ಒಯ್ದು ಆಯಿಗೆ ತೋರಸಾಕ ಆಗೂದಿಲ್ರಿ. ಈ ಪುಚ್ಚ ಮತ್ತ ಹಲ್ಲ ತಗದು, ಖರೇ ಹೆಂಗಿದ್ನೋ ಹಂಗ ಒಂದ ತಗದು ಕೊಡ್ರಿ. ದಸರಾದೊಳಗ."

"ಒಂದ ವಾರದಾಗ ಕೊಡತೀನಿ," ಎಂದೆ.

ಅದಕ್ಕಿಂತ ಮೊದಲು ಬ್ಯಾನರು ಇಳಿಸಬೇಕಿತ್ತು. ಸಾವಕಾರರಿಗೆ ವಿಷಯ ಹೇಳಿದೆ. ಅವರು ನಿಜಕ್ಕೂ ಮರುಗಿದರು. ಮರುಗಿದ ಕೂಡಲೇ ಅವರಿಗೆ ಉಪಾಯ ಹೊಳೆಯುತ್ತದೆ.

"ಅಯ್ಯ, ಅವರ ಮನ್ಯಾರು ಇಲ್ಲೇ ಅದಾರಂದ್ರ ಬಂಗಾರದಂಥಾ ಮಾತಲ್ಲೇನ್ರಿ! ಸ್ಟೇಜ್ ಮ್ಯಾಲೆ ಕರಿಯೂಣು. ಶಾಲು ಹೊಚ್ಚೂಣು, ಹಣ್ಣಿನ ಬುಟ್ಟಿ ಕೊಡೂಣು. ಖರೇ ಟ್ರೈಬಲ್ ಫ್ಯಾಮಿಲಿ ಅಂತ ಪೇಪರಿನಾಗ ಹಾಕಸೂಣು."

"ಅವರಿಗೆ ಶಾಲು ಬ್ಯಾಡಂತ್ರಿ. ಹಲ್ಲು ತಗೀಬೇಕಂತ."

"ಹಲ್ಲ ಏನ್ರಿ, ಈಗ ತಗಸತೀನಿ."

ಮರುದಿನ ಹೋಗಿ ನೋಡಿದರೆ ಹಲ್ಲು ಹೋಗಿತ್ತು. ಬಾಯಿಯ ಮೇಲೆ ಅಡ್ಡಲಾಗಿ ಸಾವಕಾರರ ಬೆಲ್ಲದ ಅಂಗಡಿಯ ಜಾಹೀರಾತಿನ ಪಟ್ಟಿ ಅಂಟಿಸಿದ್ದರು. ಗರಿ ಹಾಗೇ ಇತ್ತು. ಸೀಳಿದ ಹುಬ್ಬಿನ ಕೆಳಗೆ ಎರಡು ಕಣ್ಣು, ಕಣ್ಣಿನ ಕೆಳಗೆ ಅಂಗಡಿಯ ಫೋನ್ ನಂಬರು. ಜನಾಬಾಯಿ ಮೇಜಿನ ಹಿಂದೆ ಕುಳಿತು ಯಾರದೋ ಮೊಣಕಾಲಿಗೆ ಪಟ್ಟಿ ಸುತ್ತುತ್ತಿದ್ದಳು. ಕತ್ತೆತ್ತಿ ನೋಡಿದಳು, ಮತ್ತೆ ಸುತ್ತಿದಳು. ಪಂದ್ಯಾವಳಿ ಮುಗಿಯುವವರೆಗೆ ಧೋಂಡು ಬೆಲ್ಲ ಮಾರಿದ.

ಒಂದು ವಾರ ಎಂದವನು ನಾನು. ಆ ವಾರ ಏಳು ಹಾಳೆ ಹಾಳು ಮಾಡಿದೆ. ಗರಿ ತೆಗೆದು ರುಮಾಲು ಸುತ್ತುವುದು ಸುಲಭವಾಗಿತ್ತು. ಹುಬ್ಬು, ಕಣ್ಣು, ಕಿವಿ ಸರಿಯಾಗಿ ಬಂದವು. ಬಾಯಿಗೆ ಬಂದರೆ ಕೈ ತಾನಾಗಿ ಹಲ್ಲಿನ ಕಡೆಗೆ ಹೋಗುತ್ತಿತ್ತು. ತುಟಿ ಮುಚ್ಚಿಸಿದರೆ ರಾಯಣ್ಣನಾಗುತ್ತಿದ್ದ, ತುಸು ತೆರೆಸಿದರೆ ಬ್ಯಾನರಿನವನಾಗುತ್ತಿದ್ದ. ಜನಾಬಾಯಿ ತಿಂಗಳಿಗೊಮ್ಮೆ ಫೋನು ಮಾಡುತ್ತಿದ್ದಳು. "ಆತೇನ್ರಿ ಸರ?" ನಾನು ಒಮ್ಮೆ ಒಳ್ಳೆಯ ಕಾಗದ ಸಿಕ್ಕಿಲ್ಲ ಎಂದೆ, ಒಮ್ಮೆ ಬಣ್ಣ ಒಣಗಬೇಕು ಎಂದೆ. ಪೆನ್ಸಿಲಿನ ಚಿತ್ರಕ್ಕೆ ಒಣಗುವ ಬಣ್ಣ ಎಲ್ಲಿಯದು? ಅವಳಿಗೂ ಅದು ಹೊಳೆದಿರಬೇಕು, ಕೇಳಲಿಲ್ಲ. ಮಳೆ ಹಿಡಿಯಿತು. ಕಾಡಿನ ಹಳ್ಳಗಳು ತುಂಬಿ ಗೌಳಿವಾಡೆಯ ಹಾದಿ ಮುಚ್ಚಿತೆಂದು ಅವಳು ಹೇಳಿದಾಗ ನನಗೆ ಒಳಗೊಳಗೆ ಸಮಾಧಾನವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು.

ದಸರೆಗೆ ಹದಿನೈದು ದಿನ ಉಳಿದಾಗ ಹೆಂಡತಿ ನನ್ನ ಹಿಂದೆ ಬಂದು ನಿಂತಳು.

"ಅಂವ ನಗತಿದ್ನೇನು?"

"ಗೊತ್ತಿಲ್ಲ."

"ಹಲ್ಲ ಕೆಂಪ ಇದ್ದುವೋ, ಬೆಳ್ಳಗ ಇದ್ದುವೋ?"

"ಗೊತ್ತಿಲ್ಲ."

"ಎಷ್ಟ ವರ್ಷ ನಿಮ್ಮ ಮನಿಗೆ ಬಂದಾನ?"

"ಏಳೆಂಟ ವರ್ಷ."

"ಏಳೆಂಟ ವರ್ಷ ಬಂದಾಂವನ ಬಾಯಿ ನೋಡಿಲ್ಲ? ಎಲ್ಲೆ ನಿಂತಿರತಿದ್ರಿ ನೀವು?"

ಎಲ್ಲಿ ನಿಂತಿರುತ್ತಿದ್ದೆ ಎಂದು ಯೋಚಿಸಿದೆ. ನಿಧಾನವಾಗಿ, ಒಂದೊಂದೇ ವಸ್ತು ಜೋಡಿಸುತ್ತ ಯೋಚಿಸಿದೆ. ನಮ್ಮ ಮನೆಗೆ ಐದು ಮೆಟ್ಟಿಲು. ನಾನು ಐದನೆಯ ಮೆಟ್ಟಿಲ ಮೇಲೆ, ಅವ್ವನ ಪಕ್ಕದಲ್ಲಿ. ಧೋಂಡು ಕೆಳಗೆ, ಅಂಗಳದಲ್ಲಿ. ಬೆಣ್ಣೆ ಮೆಟ್ಟಿಲು ಏರಿ ಒಳಗೆ ಹೋಗುತ್ತಿತ್ತು, ಧೋಂಡು ಏರುತ್ತಿರಲಿಲ್ಲ. ಅವನು ಬಗ್ಗಿ ಗಂಟು ಬಿಚ್ಚುವಾಗ ನನಗೆ ಕಾಣುತ್ತಿದ್ದದ್ದು ರುಮಾಲು, ಹುಬ್ಬು, ಕಿವಿಯ ಉಂಗುರ. ಆಮೇಲೆ ನೀರು ಕೇಳುತ್ತಿದ್ದ. ಅವ್ವ ಮೂರನೆಯ ಮೆಟ್ಟಿಲವರೆಗೆ ಇಳಿದು ತಂಬಿಗೆಯಿಂದ ಮೇಲಿನಿಂದ ಸುರಿಯುತ್ತಿದ್ದಳು. ಅವನು ಎರಡೂ ಅಂಗೈ ಬೊಗಸೆ ಮಾಡಿ ಬಾಯಿಗೆ ಹಚ್ಚಿ ಕುಡಿಯುತ್ತಿದ್ದ. ಬೊಗಸೆಯ ಹಿಂದೆ ಬಾಯಿ ಇತ್ತು. ಕುಡಿದಾದ ಮೇಲೆ ಕಂಬಳಿಯ ತುದಿಯಿಂದ ಬಾಯಿ ಒರೆಸಿಕೊಳ್ಳುತ್ತ ತಿರುಗಿ ಹೋಗುತ್ತಿದ್ದ.

ನಮ್ಮ ಮನೆಯ ಪಡಸಾಲೆಯಲ್ಲೂ ಬಸವಣ್ಣನವರ ಫೋಟೋ ಇತ್ತು. ಅಪ್ಪ ಪ್ರತಿ ಸಂಜೆ ಅದರ ಮುಂದೆ ಕುಳಿತು, ಎಲ್ಲರೂ ಒಂದೇ ಎಂದು ನಮಗೆ ಓದಿ ಹೇಳುತ್ತಿದ್ದರು. ಅದು ಐದು ಮೆಟ್ಟಿಲಿನ ಮೇಲೆ.

ಇದೇ ನಾನು ಮಾಡಿದ ತಪ್ಪು. ನೋಡದ ಮುಖ ಬರೆಯುವುದಿಲ್ಲ ಎಂದು ಜಂಬ ಪಡುತ್ತಿದ್ದವನು ಅರ್ಧ ಮುಖ ನೋಡಿ ಪೂರ್ತಿ ಬರೆದಿದ್ದೆ. ನನ್ನ ಮನೆಯವರು ನನಗೆ ಕಾಣದಂತೆ ಮಾಡಿದ ಅರ್ಧದಲ್ಲಿ ನಾನು ಇಪ್ಪತ್ತೆರಡು ಹಲ್ಲು ನೆಟ್ಟಿದ್ದೆ.

ಆ ರವಿವಾರ ಜನಾಬಾಯಿಗೆ ಫೋನು ಮಾಡಿ, "ಬಾಯಿ ನನಗ ಗೊತ್ತಿಲ್ಲವಾ. ನಿಮ್ಮ ಆಯೀನ ಕೇಳೂಣು," ಎಂದೆ. ಅವಳು, "ನಾಳೆ ಮುಂಜಾನೆ ಏಳೂವರಿ ಬಸ್ಸಿಗೆ ಬರ್ರಿ ಸರ," ಎಂದಳು.

ಖಾನಾಪುರದವರೆಗೆ ಬಸ್ಸು, ಅಲ್ಲಿಂದ ಕಾಡಿನ ಅಂಚಿನವರೆಗೆ ಟೆಂಪೋ, ಆಮೇಲೆ ಒಂದೂವರೆ ತಾಸು ನಡಿಗೆ. ಧೋಂಡು ಬೆಣ್ಣೆ ಹೊತ್ತು ನಡೆದ ದಾರಿಯಲ್ಲಿ ನಾನು ಪೆನ್ಸಿಲ್ ಡಬ್ಬಿ ಹೊತ್ತು ಮೂರು ಕಡೆ ಕುಳಿತೆ. ಜನಾಬಾಯಿ ಮುಂದೆ ಹೋಗಿ, ನಿಂತು, ಕಾಯ್ದು, ಮತ್ತೆ ಹೋಗುತ್ತಿದ್ದಳು. ಏಳೆಂಟು ಮನೆಗಳ ವಾಡೆ. ಮಣ್ಣಿನ ಗೋಡೆ, ಪಕ್ಕದಲ್ಲೇ ಎಮ್ಮೆಯ ಕೊಟ್ಟಿಗೆ. ಆಯಿ ಬಾಗಿಲಲ್ಲೇ ಕುಳಿತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಕಣ್ಣು ಮಾತ್ರ ಚುರುಕು. ಮನೆಯಲ್ಲಿ ಅವರದು ಒಂದು ಬಗೆಯ ಮರಾಠಿ. ನನ್ನನ್ನು ಕಂಡು ಕನ್ನಡಕ್ಕೆ ಹೊರಳಿದರು.

"ಒಳಗ ಬಾ ಮಾಸ್ತರ. ಹೊರಗ ಯಾಕ ನಿಂತಿ?"

ನಾನು ಹೊಸ್ತಿಲ ಹೊರಗೆ ನಿಂತದ್ದು ನನಗೇ ಗೊತ್ತಾಗಿರಲಿಲ್ಲ. ಒಳಗೆ ಹೋದೆ. ಕಂಬಳಿ ಹಾಸಿದರು. ದೊಡ್ಡ ಹಿತ್ತಾಳೆ ಲೋಟದಲ್ಲಿ ಮಜ್ಜಿಗೆ ಕೈಗೆ ಕೊಟ್ಟರು.

"ನಂದಗಡದಾಗ ಯಾರ ಪೈಕಿ ನೀ?"

ಅಪ್ಪನ ಹೆಸರು ಹೇಳಿದೆ. ಗುರುತು ಸಿಗಲಿಲ್ಲ. ಸಂತೆಯ ಹಿಂದಿನ ಓಣಿ ಎಂದೆ. ಆಯಿ ಯೋಚಿಸಿ ಬೆರಳು ಎತ್ತಿದರು.

"ಐದ ಮೆಟ್ಲಾ?"

"ಹೌದ್ರಿ."

ಆಯಿ ನಗಲು ಶುರು ಮಾಡಿದರು. ಜನಾಬಾಯಿಯ ತಂದೆ ಕೊಟ್ಟಿಗೆಯಿಂದ ಇಣುಕಿದ. "ಭೈರೂ, ಬಾರೋ ಇಲ್ಲೆ! ಐದ ಮೆಟ್ಲಿನ ಮನಿ ಮಗಾ ಬಂದಾನ!" ಅವನೂ ನಕ್ಕ. ನಗುತ್ತಲೇ ತಲೆ ತಗ್ಗಿಸಿದ.

"ನಮ್ಮ ಮನಿ ಗೊತ್ತೇನ್ರಿ ನಿಮಗ?"

"ನಾ ಯಾವಾಗ ಬಂದಿದ್ದೆ? ಅಂವ ಮಾಡಿ ತೋರಸಾಂವ. ಸಂತಿ ಮುಗಿಸಿ ಬಂದ ದಿನ ಊಟ ಆದ ಮ್ಯಾಲೆ ಇದ ನಮ್ಮ ತಮಾಷಾ. ಮೊದಲ ಅಂಗಡ್ಯಾಂವನ್ನ ಮಾಡಾಂವ, ಆಮ್ಯಾಲೆ ಫಾರೆಸ್ಟಿನ್ಯಾವನ್ನ ಮಾಡಾಂವ, ಕಡೀಕ ನಿಮ್ಮವ್ವ. ಹುಡುಗ್ರು ಬಿದ್ದು ಬಿದ್ದು ನಗವು."

"ಹೆಂಗ ಮಾಡತಿದ್ದ?"

"ಬ್ಯಾಡ ಬಿಡು, ಸಿಟ್ಟಾಗತಿ."

"ಇಲ್ರಿ. ಮಾಡ್ರಿ."

ಆಯಿ ಗೋಡೆ ಹಿಡಿದು ಎದ್ದರು. ಬಲಗೈ ಮೇಲಕ್ಕೆ ಎತ್ತಿದರು. ಆ ಕೈಯಲ್ಲಿ ಈಗ ತಂಬಿಗೆ ಇತ್ತು. ಎಡಗೈಯಿಂದ ಸೀರೆಯ ನಿರಿಗೆಯನ್ನು ಹನಿ ಸಿಡಿಯದಂತೆ ಹಿಂದಕ್ಕೆ ಸೆಳೆದುಕೊಂಡರು. ಮುಖವನ್ನು ಅರ್ಧ ಪಕ್ಕಕ್ಕೆ ತಿರುಗಿಸಿ, ತುಟಿ ಬಿಗಿದು, ಬೇರೆಲ್ಲೋ ನೋಡುತ್ತ ಸುರಿದರು. ಅಷ್ಟೇ.

ನನ್ನ ಅವ್ವ ತೀರಿಕೊಂಡು ಇಪ್ಪತ್ತು ವರ್ಷವಾಗಿದೆ. ಅವಳು ಆ ಕೋಣೆಯಲ್ಲಿ ನಿಂತಿದ್ದಳು. ಆ ಕುತ್ತಿಗೆಯ ತಿರುವು, ಆ ಎಡಗೈಯ ಕಿರುಬೆರಳು, ಬೇರೆಲ್ಲೋ ನೋಡುವ ಆ ನೋಟ. ಧೋಂಡುವಿನಿಂದ ಹೆಂಡತಿಗೆ ಬಂದು, ಐವತ್ತು ವರ್ಷ ದಾಟಿದರೂ ಒಂದು ಗೆರೆ ಹೆಚ್ಚಾಗಿರಲಿಲ್ಲ, ಒಂದು ಗೆರೆ ಕಡಿಮೆಯಾಗಿರಲಿಲ್ಲ. ಅವನು ನಮಗೆ ಕೋಡು ಇಟ್ಟಿರಲಿಲ್ಲ, ಬಾಲ ಇಟ್ಟಿರಲಿಲ್ಲ. ಬೊಗಸೆಯ ಹಿಂದೆ ನಿಂತು ನಮ್ಮನ್ನು ನೋಡಿದ್ದ, ನೋಡಿದಷ್ಟನ್ನೇ ತೋರಿಸಿದ್ದ. ನಾವಿಬ್ಬರೂ ಚಿತ್ರಕಾರರು, ಸಂಬಳ ನನಗೆ ಬರುತ್ತಿತ್ತು.

"ಸಿಟ್ಟ ಆದೇನು?" ಆಯಿ ಕೇಳಿದರು.

"ಇಲ್ರಿ. ನಮ್ಮವ್ವನ ಖರೇ."

"ಅಂವ ಇದನ್ನ ಮಾಡಿ ಆದ ಮ್ಯಾಲೆ ತಾ ನಗತಿದ್ದಿಲ್ಲ. ನಮ್ಮನ್ನ ನಗಿಸಿ ಸುಮ್ಮ ಕುಂದರಾಂವ. ತುಟಿ ಒಂದ ಬಾಜು ಹಿಂಗ."

ಆಯಿ ತೋರಿಸಿದರು. ಬಲತುದಿಯಲ್ಲಿ ತುಟಿ ಸ್ವಲ್ಪ ಒಳಕ್ಕೆ ಮಡಚಿತು. ಮಾತು ಬಾಯಿಗೆ ಬಂದು, ಬೇಡವೆಂದು ಒಳಗೇ ಇಟ್ಟುಕೊಂಡವನ ಬಾಯಿ. ನಾನು ಹಾಳೆ ತೆಗೆದೆ. ರುಮಾಲು, ಹುಬ್ಬು, ಕಣ್ಣು, ಕಿವಿ ಮನೆಯಲ್ಲೇ ಬರೆದು ತಂದಿದ್ದೆ. ಬಾಯಿಯನ್ನು ಅಲ್ಲಿ ಬರೆದೆ. ಆಯಿ ಮುಂದೆ ಕುಳಿತು, "ಇನ್ನ ಸ್ವಲ್ಪ ಕೆಳಗ, ಅಷ್ಟ ದಪ್ಪ ಅಲ್ಲ, ಮೀಸಿ ಕಡಿಮಿ," ಎನ್ನುತ್ತಿದ್ದರು. ಮೂರು ಸಲ ಅಳಿಸಿದೆ. ನಾಲ್ಕನೆಯ ಸಲ ಅವರು ಏನೂ ಹೇಳಲಿಲ್ಲ. ಬರೆದು ಮುಗಿಸಿ ಅವರ ಕೈಗೆ ಕೊಟ್ಟೆ.

ಆಯಿ ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಹತ್ತಿರ ತಂದರು, ದೂರ ಮಾಡಿದರು. ಭೈರು ಹಿಂದೆ ನಿಂತು ನೋಡಿದ. ಜನಾಬಾಯಿ ಆಯಿಯ ಮುಖವನ್ನೇ ನೋಡುತ್ತಿದ್ದಳು. ನಾನೂ.

"ಹುಬ್ಬ ಅಂವಂದ," ಎಂದರು ಆಯಿ. "ಕಿವಿ ಅಂವಂದ." ಬೆರಳು ಕೆಳಗೆ ಇಳಿಯಿತು, ತುಟಿಯ ಮೇಲೆ ನಿಂತಿತು. "ಬಾಯಿ ಅಂವಂದಲ್ಲ."

"ಮತ್ತೊಮ್ಮೆ ತೆಗಸೂಣೇನ ಆಯಿ?" ಜನಾಬಾಯಿ ಮೆಲ್ಲಗೆ ಕೇಳಿದಳು. "ಸರ ಇನ್ನೂ ಇರತಾರ."

ಆಯಿ ಮತ್ತೊಮ್ಮೆ ನೋಡಿದರು. ಆಮೇಲೆ ಸೆರಗಿನಿಂದ ಹಾಳೆಯ ಮೇಲಿದ್ದ ರಬ್ಬರಿನ ಪುಡಿ ಒರೆಸಿದರು.

"ಬ್ಯಾಡ. ಇರ್ಲಿ ಬಿಡು," ಎಂದರು. "ಯಾರದಾರ ಆಗಲಿ, ಮನಷ್ಯಾರ ಬಾಯಿ ಐತಿ."